ಜೋನ್ಸ್‌ನನ್ನು ಬಿಟ್ಟಿದ್ದು ಸರಿನಾ? ಇನ್ನು ಕೇಳಬೇಡಿ, ಇಲ್ಲೇ ಓದಿಕೊಳ್ಳಿ

ನಾನಿರುವುದು ನ್ಯೂಜೆರ್ಸಿಯಲ್ಲಿ. ಅಮೆರಿಕನ್ ಫುಟ್‌ಬಾಲ್ ಆಡುವ ನ್ಯೂಯಾರ್ಕ್ ಜೈಂಟ್ಸ್ ತಂಡದ ಅಭಿಮಾನಿ. ಇವೆರಡು ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಆ ಡೇನಿಯಲ್ ಜೋನ್ಸ್‌ನನ್ನು ಇಟ್ಟುಕೊಳ್ಳಬೇಕಿತ್ತಾ, ಬಿಡಬೇಕಿತ್ತಾ?" ಆಫೀಸಿನ ಲಿಫ್ಟಿನಲ್ಲಿ ಕೇಳುತ್ತಾರೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ, ನಾನು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿರುವಾಗ ಕೇಳುತ್ತಾರೆ. ಕೇಳುವ ಧಾಟಿ ನೋಡಿದರೆ ತಂಡದ ಚೆಕ್ ಪುಸ್ತಕ ನನ್ನ ಬೀರುವಿನಲ್ಲೇ ಇದೆ ಅನ್ನಬೇಕು.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ. 2022ರ ತನಕ ಇಟ್ಟುಕೊಂಡಿದ್ದು ಸರಿ. 2023ರ ಮಾರ್ಚ್‌ನಲ್ಲಿ ಅಷ್ಟು ದುಡ್ಡು ಸುರಿದಿದ್ದು ಪೆದ್ದುತನ. 2024ರಲ್ಲಿ ಬಿಡದೆ ಬೇರೆ ದಾರಿ ಇರಲಿಲ್ಲ. ಈ ಮೂರನ್ನೂ ನಾನು ಆಯಾ ವರ್ಷವೇ ಹೇಳಿದ್ದೇನೆ. ಜನರಿಗೆ ನೆನಪಿರುವುದು ಮೊದಲನೆಯದು ಮಾತ್ರ. "ನೀನು ಜೋನ್ಸ್ ಕಡೆಯವನಲ್ವಾ?" ಅಂತಾರೆ. ಕಡೆಯವನಾಗೋಕೆ ಅವನೇನು ನನ್ನ ಷಡ್ಡಕನಾ?

ಇದು ಅಮೆರಿಕದವರ ಕಾಯಿಲೆ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ 2023ರ ಫೆಬ್ರವರಿಯಲ್ಲಿ ಕೆ. ಎಲ್. ರಾಹುಲ್‌ನನ್ನು ಟೆಸ್ಟ್ ತಂಡದಿಂದ ತೆಗೀಬೇಕು ಅಂತ ದಿನಾ ಫೋನಿನಲ್ಲಿ ಕೂಗಾಡುತ್ತಿದ್ದ. ನಮ್ಮ ವೆಂಕಟೇಶ್ ಪ್ರಸಾದ್ ಕೂಡ ಅದನ್ನೇ ಬಹಿರಂಗವಾಗಿ ಹೇಳುತ್ತಿದ್ದರು, ಹಾಗಾಗಿ ಇವನಿಗೆ ಬಲ ಬಂದಿತ್ತು. ಇಂದೋರ್ ಟೆಸ್ಟಿಗೆ ರಾಹುಲ್‌ನನ್ನು ತೆಗೆದರು. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಹುಲ್ ಸೆಂಚೂರಿಯನ್‌ನಲ್ಲಿ ಶತಕ ಹೊಡೆದಾಗ "ನಮ್ ಹುಡ್ಗ" ಅಂತ ಮೆಸೇಜ್ ಕಳಿಸಿದವನೂ ಇವನೇ. ಈಗ ಜೋನ್ಸ್ ವಿಷಯದಲ್ಲಿ ನನಗೆ ಬುದ್ಧಿ ಹೇಳುತ್ತಾನೆ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಸ್ವಲ್ಪ ಹೇಳಬೇಕು. ದಾಳಿ ಮಾಡುವ ತಂಡದಲ್ಲಿ ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರುತ್ತದೆ. ಜೋನ್ಸ್ ಆಡುವುದು ಆ ಜಾಗದಲ್ಲೇ. ಎಸೆಯಬೇಕಾ, ಪಕ್ಕದವನಿಗೆ ಕೊಡಬೇಕಾ, ತಾನೇ ಓಡಬೇಕಾ ಅನ್ನುವುದನ್ನು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ಎದುರಾಳಿಗಳು ಅವನನ್ನು ನೆಲಕ್ಕೆ ಕೆಡವಲು ನುಗ್ಗುತ್ತಾರೆ. ಅವರನ್ನು ತಡೆಯಲು ಐದು ಜನ ದಢೂತಿ ಆಳುಗಳು ನಿಂತಿರುತ್ತಾರೆ. ಅದಕ್ಕೆ ಲೈನ್ ಅಂತಾರೆ. ಚೆಂಡು ಎದುರಾಳಿಗಳ ಕಡೆಯ ಕೊನೆ ಗೆರೆ ದಾಟಿದರೆ ಟಚ್‌ಡೌನ್. ಗೆದ್ದರೆ ಹೆಸರು ಕ್ವಾರ್ಟರ್‌ಬ್ಯಾಕಿಗೆ, ಸೋತರೆ ಬೈಗುಳವೂ ಅವನಿಗೇ. ಆ ಐವರ ಹೆಸರು ಯಾರಿಗೂ ಬೇಡ.

2019ರ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವಾಗ, ಜೈಂಟ್ಸ್ 6ನೇ ಆಯ್ಕೆಯಾಗಿ ಡ್ಯೂಕ್ ವಿಶ್ವವಿದ್ಯಾಲಯದ ಜೋನ್ಸ್‌ನನ್ನು ತೆಗೆದುಕೊಂಡಿತು. ಆ ದಿನವೇ ಜನ ಬೈದರು. ಸೆಪ್ಟೆಂಬರ್‌ನಲ್ಲಿ ಟ್ಯಾಂಪಾದಲ್ಲಿ ಮೊದಲ ಸಲ ಶುರುವಿನಿಂದ ಆಡಿದ. ಅರ್ಧ ಪಂದ್ಯಕ್ಕೆ 18 ಅಂಕ ಹಿಂದಿದ್ದ ತಂಡವನ್ನು 32–31ರಲ್ಲಿ ಗೆಲ್ಲಿಸಿದ. ಬೈದವರೇ ಹೊತ್ತು ಮೆರೆದರು. ಆಮೇಲೆ ಬರೀ ಏರಿಳಿತ, ಅದರಲ್ಲೂ ಇಳಿತವೇ ಜಾಸ್ತಿ. 2020ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ 80 ಯಾರ್ಡ್ ಓಡಿ, ಯಾರೂ ಮುಟ್ಟದೆ, ತಾನಾಗೇ ಮುಗ್ಗರಿಸಿ ಗೆರೆಗೆ 8 ಯಾರ್ಡ್ ಇರುವಾಗ ಬಿದ್ದ. ಆ ವಿಡಿಯೋ ಕಳಿಸದ ಸ್ನೇಹಿತ ನನಗಿಲ್ಲ. ಅದಾದ ಮೇಲೆ ಅದೇ ಸರದಿಯಲ್ಲಿ ಜೈಂಟ್ಸ್ ಟಚ್‌ಡೌನ್ ಮಾಡಿತು ಅಂತ ಹೇಳಲು ಹೋದರೆ ಒಬ್ಬರೂ ಕೇಳಿಸಿಕೊಳ್ಳುವುದಿಲ್ಲ. (ಪಂದ್ಯವನ್ನು 22–21ರಲ್ಲಿ ಸೋತೆವು. ಅದನ್ನು ನಾನೂ ಹೇಳಲು ಹೋಗುವುದಿಲ್ಲ.)

"ಮತ್ತೆ ಯಾಕೆ ಇಷ್ಟು ವರ್ಷ ಸಹಿಸಿಕೊಂಡಿರಿ?" ಇದು ಬಾಲಂಗೋಚಿ ಪ್ರಶ್ನೆ. ಸಹಿಸಿಕೊಂಡಿದ್ದು ಜೋನ್ಸ್‌ಗಿಂತ ಮುಂಚೆ ನಮ್ಮ ಕ್ವಾರ್ಟರ್‌ಬ್ಯಾಕ್ ಆಗಿದ್ದ ಈಲೈ ಮ್ಯಾನಿಂಗ್ ದೆಸೆಯಿಂದ. 2007ರ ನವೆಂಬರ್ 25ರಂದು ತವರು ಮೈದಾನದಲ್ಲಿ ಮಿನೆಸೋಟಾ ಎದುರು ಈಲೈ ನಾಲ್ಕು ಸಲ ಚೆಂಡನ್ನು ಎದುರಾಳಿಗಳ ಕೈಗೇ ಎಸೆದ. ಅದರಲ್ಲಿ ಮೂರು ನೇರ ಟಚ್‌ಡೌನ್ ಆಗಿ ವಾಪಸ್ ಬಂದವು. 41–17ರ ಸೋಲು. ಇವನಿಂದ ಆಗಲ್ಲ, ಕಳಿಸಿಬಿಡಿ ಅಂತ ಊರೆಲ್ಲ ಗಲಾಟೆ. ಕಳಿಸಲಿಲ್ಲ. 2008ರ ಫೆಬ್ರವರಿ 3ರಂದು ಅದೇ ಈಲೈ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗಿನ ಫೈನಲ್‌ನಲ್ಲಿ, 18 ಪಂದ್ಯ ಸತತವಾಗಿ ಗೆದ್ದು ಬಂದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು 17–14ರಲ್ಲಿ ಮಣ್ಣು ಮುಕ್ಕಿಸಿದ. ನಾಲ್ಕು ವರ್ಷದ ನಂತರ ಅದೇ ತಂಡವನ್ನು ಮತ್ತೊಮ್ಮೆ. ಅಲ್ಲಿಗೆ ಜೈಂಟ್ಸ್ ಅಭಿಮಾನಿಗಳ ತಲೆ ಕೆಟ್ಟಿತು. ಕಾದರೆ ಎಲ್ಲರೂ ಈಲೈ ಆಗುತ್ತಾರೆ ಅಂತ ನಂಬಿಬಿಟ್ಟರು.

2017ರಲ್ಲಿ ಕೋಚ್ ಬೆನ್ ಮ್ಯಾಕಡೂ, ಸತತ 210 ಪಂದ್ಯ ಶುರು ಮಾಡಿದ್ದ ಈಲೈಯನ್ನು ಓಕ್ಲೆಂಡ್‌ನಲ್ಲಿ ಕೂರಿಸಿದರು. ಪಂದ್ಯದ ಮರುದಿನವೇ ಕೋಚೂ ಮನೆಗೆ, ಜನರಲ್ ಮ್ಯಾನೇಜರೂ ಮನೆಗೆ. ಅದನ್ನು ನೋಡಿದ ಮೇಲೆ ಆ ಕಟ್ಟಡದಲ್ಲಿ ಕ್ವಾರ್ಟರ್‌ಬ್ಯಾಕನ್ನು ಕೂರಿಸುವ ಧೈರ್ಯ ಯಾರಿಗೆ ಬರುತ್ತೆ ಹೇಳಿ? ನನ್ನ ಪ್ರಕಾರ ಜೋನ್ಸ್‌ಗೆ ಸಿಕ್ಕ ತಾಳ್ಮೆಯಲ್ಲಿ ಅರ್ಧ ಈ ಹೆದರಿಕೆಯದ್ದು.

ಇನ್ನು ದುಡ್ಡು. ಮೊದಲ ಸುತ್ತಿನಲ್ಲಿ ಆರಿಸಿದ ಆಟಗಾರನನ್ನು ಐದನೇ ವರ್ಷಕ್ಕೂ ಇಟ್ಟುಕೊಳ್ಳುವ ಹಕ್ಕು ತಂಡಕ್ಕಿರುತ್ತದೆ. ಜೋನ್ಸ್ ವಿಷಯದಲ್ಲಿ ಅದಕ್ಕೆ ಸುಮಾರು 2.2 ಕೋಟಿ ಡಾಲರ್ ಆಗುತ್ತಿತ್ತು. 2022ರಲ್ಲಿ ಜೈಂಟ್ಸ್ ಬೇಡ ಅಂದರು. ಆ ವರ್ಷವೇ ಅವನು ಚೆನ್ನಾಗಿ ಆಡಿದ. 2023ರ ಜನವರಿಯಲ್ಲಿ ಮಿನೆಸೋಟಾಕ್ಕೇ ಹೋಗಿ ನಾಕೌಟ್ ಪಂದ್ಯವನ್ನು 31–24ರಲ್ಲಿ ಗೆದ್ದೆವು. ಅವನು ಎಸೆದಿದ್ದು 301 ಯಾರ್ಡ್, ಓಡಿದ್ದು 78. ಮುಂದಿನ ವಾರ ಫಿಲಡೆಲ್ಫಿಯಾದಲ್ಲಿ 38–7ರಲ್ಲಿ ಚಚ್ಚಿಸಿಕೊಂಡೆವು. ಮೊದಲನೆಯದನ್ನು ನೋಡಿ ನಾಲ್ಕು ವರ್ಷಕ್ಕೆ 16 ಕೋಟಿ ಡಾಲರ್ ಬರೆದುಕೊಟ್ಟರು, ಎರಡನೆಯದನ್ನು ಮರೆತರು. ಈ ತಂಡಗಳೆಲ್ಲ ಆಡುವ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇಡೀ ತಂಡದ ಸಂಬಳಕ್ಕೆ ಮಿತಿ ಇದೆ. ಒಬ್ಬನಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬನಿಗೆ ಇಲ್ಲ. ಆ ಇನ್ನೊಬ್ಬ ಯಾರು ಅನ್ನುವುದನ್ನು ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಚೆಂಡು ಹಿಡಿದು ಓಡುವ ನಮ್ಮ ಸಕ್ವಾನ್ ಬಾರ್ಕ್ಲಿ.

2024ರ ಸೆಪ್ಟೆಂಬರ್ 8 ಹೇಳಲೇಬೇಕು. ತೀರ್ಥಹಳ್ಳಿಯಿಂದ ಅಕ್ಕ, ಭಾವ ಬಂದಿದ್ದರು. ಹಿಂದಿನ ದಿನ ಗಣೇಶನ ಹಬ್ಬ. ಭಾನುವಾರ ನಾನು ಭಾವನನ್ನು ಮೆಟ್‌ಲೈಫ್ ಕ್ರೀಡಾಂಗಣಕ್ಕೆ ಕರೆದುಕೊಂಡು ಹೊರಟೆ. ಒಳಗೆ ಪಾರದರ್ಶಕ ಚೀಲ ಮಾತ್ರ ಬಿಡುತ್ತಾರೆ ಅಂದಿದ್ದಕ್ಕೆ ಅಕ್ಕ ಮಿಕ್ಕಿದ ಚಕ್ಕುಲಿಯನ್ನು ಜಿಪ್‌ಲಾಕ್‌ನಲ್ಲಿ ಹಾಕಿಕೊಟ್ಟಿದ್ದಳು. ಸಿಕಾಕಸ್‌ನಲ್ಲಿ ರೈಲು ಬದಲಾಯಿಸಿದರೆ ಬೋಗಿಯೆಲ್ಲ ನೀಲಿ ಜೆರ್ಸಿ. ಜೈಂಟ್ಸ್ ತಂಡದ 100ನೇ ಹಂಗಾಮಿನ ಮೊದಲ ಪಂದ್ಯ ಅದು, ಮಿನೆಸೋಟಾ ಎದುರು. ಸಂಭ್ರಮ ಇರಬೇಕಿತ್ತು. ಬೋಗಿಯಲ್ಲಿ ನಡೆಯುತ್ತಿದ್ದ ಮಾತೆಲ್ಲ ಬಾರ್ಕ್ಲಿಯದ್ದೇ. ಮಾರ್ಚ್‌ನಲ್ಲಿ ನಾವು ಬಿಟ್ಟುಕೊಟ್ಟ ಅವನು ನಮ್ಮ ಬದ್ಧವೈರಿ ಫಿಲಡೆಲ್ಫಿಯಾ ಸೇರಿ, ಎರಡು ದಿನದ ಹಿಂದಷ್ಟೇ ಬ್ರೆಜಿಲ್‌ನಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಮೂರು ಟಚ್‌ಡೌನ್ ಹೊಡೆದಿದ್ದ.

ಪಂದ್ಯ ಹೇಗೆ ನಡೆಯಿತು ಅನ್ನುವುದನ್ನು ಬೇಗ ಮುಗಿಸುತ್ತೇನೆ. 28–6. ಆರು ನಮ್ಮದು. ಹಿಂದಿನ ನವೆಂಬರ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡ ಮೇಲೆ ಜೋನ್ಸ್ ಆಡಿದ ಮೊದಲ ಪಂದ್ಯ. ಅವನು ಎಸೆದ ಚೆಂಡೊಂದನ್ನು ಮಿನೆಸೋಟಾದ ವ್ಯಾನ್ ಗಿಂಕಲ್ ಗೆರೆಯ ಪಕ್ಕದಲ್ಲೇ ಹಿಡಿದು ನಾಲ್ಕು ಹೆಜ್ಜೆ ಹಾಕಿ ಟಚ್‌ಡೌನ್ ಮಾಡಿದ. ಕ್ರೀಡಾಂಗಣವೆಲ್ಲ ಬೂ ಅಂದಿತು. ಹಿಂದಿನ ಸಾಲಿನವನು ಹೇಳಿದ್ದನ್ನು ಭಾವನಿಗೆ ಅನುವಾದ ಮಾಡಲು ನನಗೆ ಮನಸ್ಸಾಗಲಿಲ್ಲ.

ಭಾವ ಚಕ್ಕುಲಿ ಮುರಿಯುತ್ತಾ ಕೇಳಿದರು: "ಇವ್ನ ತೆಗ್ದು ಬೇರೆಯವ್ನ ಹಾಕ್ಬಾರ್ದನ ಮಾರಾಯ?"

ನೀವೂನಾ ಭಾವ ಅಂದೆ. ಇಷ್ಟು ದೂರದಿಂದ ಬಂದು ಇದನ್ನೇ ಕೇಳ್ತೀರಲ್ಲ ಅಂದೆ. ಅವರಿಗೆ ನಗು. ಸ್ವಲ್ಪ ಹೊತ್ತು ಆಟ ನೋಡಿ ಇನ್ನೊಂದು ಕೇಳಿದರು: "ಅಲ್ಲ, ಮುಂದೆ ಐದು ಜನ ದಾಂಡಿಗರು ನಿಂತಿದಾರಲ್ಲ, ಅವ್ರ ಕೆಲ್ಸ ಎಂತದು? ಯಾರ್ಯಾರೋ ಒಳಗೆ ಬರ್ತಾರೆ."

ಇಷ್ಟು ವರ್ಷದಲ್ಲಿ ಯಾರೂ ಕೇಳದೇ ಇದ್ದ ಪ್ರಶ್ನೆ ಅದು. ಎಲ್ಲರೂ ನನ್ನನ್ನು ಕೇಳಬೇಕಿದ್ದದ್ದೂ ಅದನ್ನೇ. ನಾನು ಶುರು ಹಚ್ಚಿಕೊಂಡೆ. ಎಡಗಡೆ ಆಂಡ್ರ್ಯೂ ಥಾಮಸ್, 2020ರ 4ನೇ ಆಯ್ಕೆ, ಬಂಗಾರದಂಥ ಆಳು, ಆದರೆ ಮೈಯಲ್ಲಿ ಪೆಟ್ಟು ತಪ್ಪಿದ್ದಲ್ಲ. ಬಲಗಡೆಗೆ ಅಂತ 2022ರಲ್ಲಿ 7ನೇ ಆಯ್ಕೆಯಲ್ಲಿ ಇವಾನ್ ನೀಲ್‌ನನ್ನು ತಂದರು, ಅವನು ನಿಲ್ಲಲೇ ಇಲ್ಲ. 2023ರಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್‌ಗಳನ್ನು ಎದುರಾಳಿಗಳು ಕೆಡವಿದ್ದು 85 ಸಲ. ಲೀಗ್ ಇತಿಹಾಸದಲ್ಲೇ ಅದಕ್ಕಿಂತ ಜಾಸ್ತಿ ಇರುವುದು 1986ರ ಫಿಲಡೆಲ್ಫಿಯಾದ 104 ಮಾತ್ರ. ಸಿಯಾಟಲ್ ಎದುರು ಒಂದೇ ರಾತ್ರಿ ಜೋನ್ಸ್ ಒಬ್ಬನನ್ನೇ 10 ಸಲ ಕೆಡವಿದರು. 2007ರಲ್ಲಿ ಈಲೈ ಮುಂದೆ ಡೀಲ್, ಸೂಬರ್ಟ್, ಒಹಾರಾ, ಸ್ನೀ, ಮೆಕೆಂಜಿ ಅಂತ ಐವರು ಇದ್ದರು. ಈಲೈಗಾಗಿ ಕಾದಿದ್ದಕ್ಕೆ ಫಲ ಸಿಕ್ಕಿತು ಅನ್ನುವವರು ಈ ಐದು ಹೆಸರು ಮೊದಲು ಬಾಯಿಪಾಠ ಮಾಡಲಿ.

ತಿರುಗಿ ನೋಡಿದರೆ ಭಾವ ತೂಕಡಿಸುತ್ತಿದ್ದರು.

ಇದನ್ನು ಓದಿ "ಹಾಗಾದರೆ ಜೋನ್ಸ್ ತಪ್ಪೇ ಇಲ್ಲ ಅಂತೀಯಾ" ಅನ್ನುವವರು ಬರುತ್ತಾರೆ, ಗೊತ್ತು. ಆ ದಿನದ ಆ ಚೆಂಡು ಅವನದೇ ತಪ್ಪು. ಎದುರಿಗೇ ನಿಂತಿದ್ದವನನ್ನು ನೋಡಲಿಲ್ಲ. ಬೀಳಬಾರದ ಹೊತ್ತಲ್ಲಿ ಚೆಂಡು ಬೀಳಿಸುವುದು ಮೊದಲ ವರ್ಷದಿಂದಲೂ ಇತ್ತು. ಅದನ್ನು ಯಾವ ಲೈನೂ ಸರಿ ಮಾಡಲ್ಲ. ನಾನು ಹೇಳುವುದು ಇಷ್ಟೇ: ಅವನು ಸಾಧಾರಣಕ್ಕಿಂತ ಒಂದು ಕೈ ಮೇಲು. ಅಂಥವನಿಗೆ ಮುಂದೆ ಗಟ್ಟಿ ಜನ ಬೇಕು, ಪಕ್ಕದಲ್ಲಿ ಓಡುವವನು ಬೇಕು. ಜೈಂಟ್ಸ್ ಇವನಿಗೆ ರಾಜನ ಸಂಬಳ ಕೊಟ್ಟು, ಓಡುವವನನ್ನು ವೈರಿ ಮನೆಗೆ ಕಳಿಸಿತು. ಬಾರ್ಕ್ಲಿ ಆ ವರ್ಷ 2,005 ಯಾರ್ಡ್ ಓಡಿ ಸೂಪರ್ ಬೌಲ್ ಗೆದ್ದ. ಅವನಿಗೆ ಫಿಲಡೆಲ್ಫಿಯಾ ಮೂರು ವರ್ಷಕ್ಕೆ ಕೊಟ್ಟಿದ್ದು 4 ಕೋಟಿ ಡಾಲರ್‌ಗಿಂತ ಕಡಿಮೆ.

ಆ ಭಾನುವಾರ ನಮ್ಮನ್ನು ಸೋಲಿಸಿದ ಮಿನೆಸೋಟಾದ ಕ್ವಾರ್ಟರ್‌ಬ್ಯಾಕ್ ಯಾರು ಗೊತ್ತಾ? ಸ್ಯಾಮ್ ಡಾರ್ನಲ್ಡ್. ಅದೇ ಮೆಟ್‌ಲೈಫ್‌ನಲ್ಲಿ ಆಡುವ ಇನ್ನೊಂದು ತಂಡ ಜೆಟ್ಸ್, 2018ರಲ್ಲಿ 3ನೇ ಆಯ್ಕೆಯಾಗಿ ತಂದು, ಮೂರು ವರ್ಷದಲ್ಲಿ ದಾಟಿಸಿದ ಹುಡುಗ. ಅವನಿಗಿಂತ ಒಂದೇ ಸ್ಥಾನ ಮುಂಚೆ ಜೈಂಟ್ಸ್ ಆರಿಸಿದ್ದು ಬಾರ್ಕ್ಲಿಯನ್ನು. ಮಿನೆಸೋಟಾ ಅವನ ಜೊತೆ 2024ರಲ್ಲಿ 14 ಪಂದ್ಯ ಗೆದ್ದಿತು. ನಮ್ಮ ಊರಿನ ಎರಡೂ ತಂಡಗಳಿಗೆ ಹುಡುಗರನ್ನು ಆರಿಸುವುದು ಗೊತ್ತು, ಬೆಳೆಸುವುದು ಗೊತ್ತಿಲ್ಲ.

ಜೋನ್ಸ್ ಕಥೆ ನವೆಂಬರ್‌ನಲ್ಲಿ ಮುಗಿಯಿತು. ಮ್ಯೂನಿಕ್‌ಗೆ ಹೋಗಿ ಕ್ಯಾರೊಲೈನಾ ಎದುರು ಸೋತು 10ರಲ್ಲಿ 2 ಗೆಲುವು ಆದಾಗ ಅವನನ್ನು ಕೂರಿಸಿದರು. ಆಟದ ಜೊತೆ ಇನ್ನೊಂದು ಲೆಕ್ಕವೂ ಇತ್ತು. ದೊಡ್ಡ ಪೆಟ್ಟಾದರೆ ಮುಂದಿನ ವರ್ಷಕ್ಕೆ 2.3 ಕೋಟಿ ಡಾಲರ್ ಕೊಡಲೇಬೇಕು ಅಂತ ಕರಾರಿನಲ್ಲಿತ್ತು. ನಾಲ್ಕು ದಿನಕ್ಕೆ ಅವನು ಕೇಳಿಕೊಂಡ, ಬಿಟ್ಟರು.

ಇಷ್ಟಕ್ಕೇ ನಿಂತಿದ್ದರೆ ನನ್ನ ಪಾಡಿಗೆ ನಾನಿರುತ್ತಿದ್ದೆ. 2025ರಲ್ಲಿ ಇಂಡಿಯಾನಪೊಲಿಸ್ ಕೋಲ್ಟ್ಸ್ ಅವನನ್ನು ಒಂದು ವರ್ಷಕ್ಕೆ 1.4 ಕೋಟಿ ಡಾಲರ್‌ಗೆ ತಂದಿತು. ಮೊದಲ ಎಂಟು ಪಂದ್ಯದಲ್ಲಿ ಏಳು ಗೆಲುವು! ಮುಂದೆ ಕ್ವೆಂಟನ್ ನೆಲ್ಸನ್ ಇದ್ದ ಲೈನ್, ಪಕ್ಕದಲ್ಲಿ ಓಡಲು ಜಾನಥನ್ ಟೇಲರ್. ಆ ಎರಡು ತಿಂಗಳು ನನ್ನ ಫೋನ್ ಬಿಡುವಿಲ್ಲದೆ ಬಡಿದುಕೊಂಡಿತು. "ಅಯ್ಯೋ, ಬಿಟ್ಟುಬಿಟ್ಟಿರಲ್ಲ!" ಬೇಡ ಅಂದವರೇ ಇವರೆಲ್ಲ. ನವೆಂಬರ್ 2ರಂದು ಪಿಟ್ಸ್‌ಬರ್ಗ್‌ನಲ್ಲಿ ಐದು ಸಲ ಚೆಂಡು ಕಳೆದುಕೊಂಡ ದಿನ ಒಂದು ಫೋನೂ ಇಲ್ಲ. ಡಿಸೆಂಬರ್‌ನಲ್ಲಿ ಜಾಕ್ಸನ್‌ವಿಲ್‌ನಲ್ಲಿ ಹಿಮ್ಮಡಿಯ ನರ ಹರಿದು ಕೂತಾಗ ಮತ್ತೆ ಶುರು: "ನೋಡಿದ್ಯಾ, ಬಿಟ್ಟಿದ್ದೇ ಒಳ್ಳೇದಾಯ್ತು." ಒಬ್ಬ ಮನುಷ್ಯನ ಕಾಲು ಮುರಿದರೆ ತಮ್ಮ ವಾದ ಗೆದ್ದಿತು ಅನ್ನುವವರಿಗೆ ನಾನೇನು ಹೇಳಲಿ?

ಈಗ ನಮಗೆ ಜಾಕ್ಸನ್ ಡಾರ್ಟ್ ಇದ್ದಾನೆ. 2025ರ 25ನೇ ಆಯ್ಕೆ. ಧೈರ್ಯ ಜಾಸ್ತಿ, ಪೆಟ್ಟು ತಪ್ಪಿಸಿಕೊಳ್ಳುವ ಅಭ್ಯಾಸ ಕಮ್ಮಿ. ನವೆಂಬರ್‌ನಲ್ಲಿ ಷಿಕಾಗೋದಲ್ಲಿ ತಲೆಗೆ ಪೆಟ್ಟು ಬಿದ್ದು ಹೊರಗೆ ಹೋದ. ಗೆಲ್ಲುತ್ತಿದ್ದ ಪಂದ್ಯ ಸೋತೆವು. ಮರುದಿನ ಕೋಚ್ ಬ್ರಯನ್ ಡೇಬೊಲ್ ಕೆಲಸ ಹೋಯಿತು. ಆಗಲೇ ಕೇಳುತ್ತಿದ್ದಾರೆ, "ಇವನನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು?" ಮೊದಲು ಬಲಗಡೆ ತುದಿಯಲ್ಲಿ ಯಾರನ್ನು ನಿಲ್ಲಿಸುತ್ತಾರೆ ಅಂತ ತಿಳಿದುಕೊಂಡು ಬನ್ನಿ. ಆಮೇಲೆ ಮಾತಾಡೋಣ.