ಮೊದಲು ಮೋಟಾರು ಕೊಡಿಸಿ, ಪ್ರಿಂಟರ್ ಆಮೇಲೆ

ಅಮೆರಿಕದ ಹೈಸ್ಕೂಲಿನ ರಾಕೆಟ್ ತಂಡಕ್ಕೆ ಏನಾದರೂ ಕೊಡೋಣ ಅಂತ ಹಳೆಯ ವಿದ್ಯಾರ್ಥಿಗಳು ಹೊರಟರೆ ಮೊದಲು ಬರುವ ಹೆಸರು ತ್ರೀಡಿ ಪ್ರಿಂಟರ್. ಫೋಟೋಗೆ ಚೆನ್ನಾಗಿರುತ್ತದೆ, ನಿಜ. ತಂಡಕ್ಕೆ ನಿಜವಾಗಿ ಕೊರತೆಯಾಗುವುದು ಮಾತ್ರ ಮೋಟಾರು, ಅಂದರೆ ಒಳಗಿನ ಇಂಧನ ಉರಿದು ರಾಕೆಟ್ಟನ್ನು ಮೇಲಕ್ಕೆ ತಳ್ಳುವ ಕೊಳವೆ.

ಶಾಲಾ ತಂಡಗಳ ಸ್ಪರ್ಧೆಯಾದ ಅಮೆರಿಕನ್ ರಾಕೆಟ್ರಿ ಚಾಲೆಂಜ್ 2024ರಲ್ಲಿ ಕೇಳಿದ್ದನ್ನೇ ನೋಡಿ. ಒಂದು ಹಸಿ ಕೋಳಿಮೊಟ್ಟೆ 820 ಅಡಿ ಏರಬೇಕು, ಒಡೆಯದೆ ಇಳಿಯಬೇಕು. ಹೊರಟಾಗಿನಿಂದ ನೆಲ ಮುಟ್ಟುವವರೆಗೆ 43ರಿಂದ 46 ಸೆಕೆಂಡು. ಮೊಟ್ಟೆ, ಮೋಟಾರು ಎಲ್ಲ ಸೇರಿ 650 ಗ್ರಾಂ ಮೀರುವಂತಿಲ್ಲ. ಗುರಿ ತಪ್ಪಿದ ಅಡಿಗೊಂದು, ಸೆಕೆಂಡಿಗೆ ನಾಲ್ಕು ದಂಡದ ಅಂಕ. 835 ಅಡಿ ಹೋಗಿ 48 ಸೆಕೆಂಡಿಗೆ ಇಳಿದರೆ 15 ಮತ್ತು 8, ಒಟ್ಟು 23. ಅರ್ಹತೆಗೆ ಸಿಗುವುದು ಮೂರು ಹಾರಾಟ, ಎಣಿಸುವುದು ಒಳ್ಳೆಯ ಎರಡನ್ನು. ಫೈನಲ್ಸಿಗೆ ಹೋಗುವುದು ನೂರು ತಂಡ.

ಗುರಿಗೆ ಇಷ್ಟು ಹತ್ತಿರ ಬರಲು ರಾಕೆಟ್ ಎಷ್ಟು ಏರೀತು ಅಂತ ಹೇಳುವ ಓಪನ್‌ರಾಕೆಟ್ ಸಾಫ್ಟ್‌ವೇರಿನ ಲೆಕ್ಕವೊಂದೇ ಸಾಲದು. ಕನಿಷ್ಠ 15-20 ಬಾರಿ ಹಾರಿಸಲೇಬೇಕು. ಇಡೀ ವರ್ಷದ ಮೋಟಾರುಗಳನ್ನು ಒಂದೇ ಸಲ, ಆದಷ್ಟೂ ಒಂದೇ ಲಾಟಿನಿಂದ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತಿನಿಂದ) ಕೊಳ್ಳಿ. ಲಾಟು ಬದಲಾದರೆ ಎತ್ತರವೂ ಬದಲಾಗಬಹುದು, ಹುಡುಗರು ಕಾರಣ ಹುಡುಕುತ್ತಾ ತಮ್ಮ ರೆಕ್ಕೆಗಳನ್ನೇ ಅನುಮಾನಿಸುತ್ತಾರೆ. ಅಪಾಯಕಾರಿ ಸರಕು ಅಂತ ಪೆಟ್ಟಿಗೆಗೆ ಹಾಕುವ ಹೆಚ್ಚುವರಿ ಸಾಗಣೆ ಶುಲ್ಕವೂ ಉಳಿಯುತ್ತದೆ.

ಜೊತೆಗೆ ಒಂದು ನೋಟ್‌ಬುಕ್. ಪ್ರತಿ ಹಾರಾಟಕ್ಕೂ ಹೊರಡುವ ತೂಕ (ಗ್ರಾಂ ಲೆಕ್ಕದಲ್ಲಿ), ಉಷ್ಣಾಂಶ, ಗಾಳಿ, ಮೋಟಾರಿನ ಲಾಟು, ಎತ್ತರ, ಸಮಯ. ಚಳಿಯಲ್ಲಿ ಗಾಳಿ ಸಾಂದ್ರವಾಗಿರುತ್ತದೆ, ಎಳೆತ ಹೆಚ್ಚು, ರಾಕೆಟ್ ಕೆಳಗೇ ನಿಲ್ಲುತ್ತದೆ. ಬರೆದಿಟ್ಟವರಿಗೆ ಎಷ್ಟು ಗ್ರಾಂ ತೆಗೆಯಬೇಕು ಅಂತ ಗೊತ್ತಿರುತ್ತದೆ.

ಹೆಚ್ಚು ಕಾಡುವುದು ಪ್ಯಾರಾಚೂಟು. ಏರಲು ಸುಮಾರು 7 ಸೆಕೆಂಡು ಹೋದರೆ ಇಳಿಯಲು ಉಳಿಯುವುದು 37ರ ಆಸುಪಾಸು, ಅಂದರೆ ಸೆಕೆಂಡಿಗೆ 22 ಅಡಿ. ತೂಕ ಅಷ್ಟೇ ಇದ್ದರೆ ಇಳಿಯುವ ಸಮಯ ಪ್ಯಾರಾಚೂಟಿನ ವ್ಯಾಸದ ಜೊತೆಗೇ ಏರಿಳಿಯುತ್ತದೆ. ಎರಡು ಸೆಕೆಂಡು ಹೆಚ್ಚಾದರೆ ವ್ಯಾಸ ಶೇ. 5ರಷ್ಟು ಕಡಿಮೆ ಮಾಡಿ. ಮೈದಾನದಲ್ಲಿ ಕತ್ತರಿ ಬೇಡ, ದಾರಗಳನ್ನು ಟೇಪಿನಿಂದ ಸುತ್ತಿ ಗಿಡ್ಡ ಮಾಡಿದರೆ ಬಾಯಿ ಕಿರಿದಾಗುತ್ತದೆ. ಚಳಿಯಲ್ಲಿ ಪ್ಲಾಸ್ಟಿಕ್ ಪ್ಯಾರಾಚೂಟ್ ಮಡಿಕೆಗೆ ಅಂಟಿಕೊಂಡು ಬಿಚ್ಚುವುದೇ ಇಲ್ಲ. ಹಾರಿಸುವ ಸ್ವಲ್ಪ ಮುಂಚೆ ಮಡಿಚಿ, ಟಾಲ್ಕಂ ಪೌಡರ್ ಉದುರಿಸಿ. ಅದರ ಕೆಳಗೆ ತುರುಕುವ ಬೆಂಕಿ ಹತ್ತದ ವಾಡಿಂಗ್ ಕಡಿಮೆಯಾದರೆ, ಪ್ಯಾರಾಚೂಟನ್ನು ಹೊರದಬ್ಬುವ ಸಣ್ಣ ಸ್ಫೋಟದ (ಎಜೆಕ್ಷನ್) ಬಿಸಿಗೆ ಅದೇ ಕರಗಿ ಮುದ್ದೆಯಾಗುತ್ತದೆ, ಮೊಟ್ಟೆ ಕಲ್ಲಿನಂತೆ ಬೀಳುತ್ತದೆ.

ರಾಕೆಟ್ಟಿನ ತುದಿಯ ಮೊನೆ (ನೋಸ್ ಕೋನ್) ಬಿಗಿಯಾದರೆ ಬಿಚ್ಚದು, ಸಡಿಲವಾದರೆ ಏರುವಾಗಲೇ ಕಳಚೀತು. ತೇವಕ್ಕೆ ಕಾಗದದ ಕೊಳವೆ ಉಬ್ಬುವುದರಿಂದ ಮನೆಯಲ್ಲಿ ಸರಿಯಿದ್ದದ್ದು ಬೆಳಗಿನ ಮೈದಾನದಲ್ಲಿ ಸಿಕ್ಕಿಕೊಳ್ಳಬಹುದು. ಅಲ್ಲೇ ಇನ್ನೊಮ್ಮೆ ಎಳೆದು ನೋಡಿ.

ಬಟನ್ ಒತ್ತಿದರೂ ಹೊರಡದಿದ್ದರೆ ಬಹುತೇಕ ತಪ್ಪು ಮೋಟಾರಿಗೆ ಬೆಂಕಿ ಹೊತ್ತಿಸುವ ತಂತಿಯದು, ಅಂದರೆ ಇಗ್ನೈಟರಿನದು: ಅದು ಇಂಧನದ ಮೇಲ್ತುದಿಯವರೆಗೆ ಹೋಗಿರಬೇಕು, ಅರ್ಧಕ್ಕೆ ಜಾರಿರುತ್ತದೆ. ಇಲ್ಲವೇ ಅದಕ್ಕೆ ವಿದ್ಯುತ್ ಕೊಡುವ ಕ್ಲಿಪ್ಪುಗಳು ಒಂದಕ್ಕೊಂದು ಅಥವಾ ಕೆಳಗಿನ ತಗಡಿಗೆ ತಾಗಿರುತ್ತವೆ, ಮಸಿ ಹಿಡಿದಿರುತ್ತವೆ; ಮರಳುಕಾಗದದ ಚೂರೊಂದು ಜೇಬಿನಲ್ಲಿರಲಿ. ಹಾರಿಸುವ ಬಟನ್ ಪೆಟ್ಟಿಗೆಯ ಕೀ ತೆಗೆದು 60 ಸೆಕೆಂಡು ಕಾದೇ ಹತ್ತಿರ ಹೋಗಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ಹಿರಿಯರ ಕೈ. ರಾಕೆಟ್ಟನ್ನು ಮಕ್ಕಳೇ ವಿನ್ಯಾಸ ಮಾಡಬೇಕು, ಕಟ್ಟಬೇಕು, ಹಾರಿಸಬೇಕು ಅಂತ ನಿಯಮ. ಈಗ ಎಂಜಿನಿಯರ್ ಆಗಿರುವ ಹಳೆಯ ವಿದ್ಯಾರ್ಥಿಗೆ ಎಪಾಕ್ಸಿ ಕಂಡರೆ ಕೈ ತುರಿಸುತ್ತದೆ. ಪ್ರಶ್ನೆ ಕೇಳಲಿ, ಅಂಟು ಹಚ್ಚುವುದು ಬೇಡ. ಅವರು ಮಾಡಬಹುದಾದ ಕೆಲಸ ಬೇರೆ ಇದೆ. ಅರ್ಹತಾ ಹಾರಾಟ ನೋಡಿ ಸಹಿ ಹಾಕುವವರು ತಂಡದ ಮಕ್ಕಳ ಬಂಧುವಾಗಿರುವಂತಿಲ್ಲ, ಹವ್ಯಾಸಿ ರಾಕೆಟ್‌ಗಾರರ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸದಸ್ಯರಾಗಿರಬೇಕು. ಅಂಥವರೊಬ್ಬರನ್ನು ಜನವರಿಯಲ್ಲೇ ಕೇಳಿಟ್ಟುಕೊಳ್ಳಿ. ಮಾರ್ಚ್ ಕೊನೆಗೆ ಊರಿನ ಎಲ್ಲ ತಂಡಕ್ಕೂ ಅವರೇ ಬೇಕಾಗಿರುತ್ತಾರೆ.