ಜಡಿಮಳೆಯಲ್ಲಿ ಹಿತ್ತಲನ್ನು ಕಾಯುವುದು

ಘಟ್ಟದ ಅಂಚಿನಲ್ಲಿ ಬದುಕುವ ನಮಗೆ ಮೈ ನಡುಗಿಸುವ ಥಂಡಿ ಬರುವುದು ಮಾರ್ಗಶಿರದಲ್ಲಲ್ಲ, ಆಷಾಢದಲ್ಲಿ. ಪುನರ್ವಸು, ಪುಷ್ಯ ಮಳೆಗಳು ಹಿಡಿದುಕೊಂಡವೆಂದರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಬಟ್ಟೆಗಳು ಬಚ್ಚಲೊಲೆಯ ಮೇಲಿನ ಗಳುವಿನಲ್ಲೇ ಒಣಗಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕದ ನಾಲ್ಕು ತಿಂಗಳಲ್ಲಿ. ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿರುವ ನಮ್ಮ ಮನೆಯ ಹಿತ್ತಲಿಗೂ ಇದೇ ಸ್ವಭಾವದ ಮಳೆ. ಶಿವಮೊಗ್ಗ ಪೇಟೆಯ ಗೆಳತಿಯರು ಮಳೆಗಾಲದಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸವಿಲ್ಲವಲ್ಲ ಎಂದು ಸಂತೋಷಪಡುತ್ತಾರೆ. ಇಲ್ಲಿ ನೀರನ್ನು ಗಿಡದ ಬುಡದಿಂದ ಆಚೆಗೆ ಸಾಗಿಸುವುದೇ ಆ ನಾಲ್ಕು ತಿಂಗಳ ಮುಖ್ಯ ಕೆಲಸ.

ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುವ ತನಕ ಬೇರು ಬದುಕಿರುತ್ತದೆ. ಆ ಸಂದುಗಳಲ್ಲಿ ದಿನಗಟ್ಟಲೆ ನೀರೇ ತುಂಬಿಕೊಂಡರೆ ಆಮ್ಲಜನಕ ಸಿಗದೆ ಬೇರಿನ ತುದಿಗಳು ಕಪ್ಪಾಗಿ ಸಾಯುತ್ತವೆ. ಆಗ ಕಾಲ ಬುಡದಲ್ಲಿ ಅಷ್ಟು ನೀರಿದ್ದರೂ ಎಲೆ ಬಾಡಿ ಜೋತುಬೀಳುತ್ತದೆ, ಏಕೆಂದರೆ ನೀರನ್ನು ಮೇಲಕ್ಕೆತ್ತುವ ಬೇರೇ ಉಳಿದಿರುವುದಿಲ್ಲ. ನಮ್ಮ ಹಿರಿಯರು ಅಡಿಕೆ ತೋಟದಲ್ಲಿ ಎರಡು ಸಾಲಿನ ನಡುವೆ ಕಾದಿಗೆ, ಅಂದರೆ ನೀರು ಬಸಿದುಹೋಗುವ ಕಾಲುವೆ, ತೆಗೆದು ಪ್ರತಿವರ್ಷ ಮಳೆಗೆ ಮುಂಚೆ ಅದರ ಹೂಳೆತ್ತಿಸುತ್ತಿದ್ದುದು ಈ ಕಾರಣಕ್ಕೇ, ಮತ್ತು ಹಿತ್ತಲಿಗೂ ಅದೇ ಏರ್ಪಾಡು ಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮಲ್ಲಿ ಶುಂಠಿ, ಅರಿಶಿನ, ಬೆಂಡೆಗಳಿಗೆಲ್ಲ ಒಂದು ಅಡಿ ಎತ್ತರದ ಏರುಮಡಿಯಿದೆ; ಮಡಿಗಳ ನಡುವಿನ ಬಸಿಗಾಲುವೆ ಇಳಿಜಾರಿನ ಕಡೆಗೆ ಸಾಗಿ ತೋಟದ ದೊಡ್ಡ ಕಾದಿಗೆಯನ್ನು ಸೇರುತ್ತದೆ. ಜೋರು ಮಳೆ ಸುರಿಯುತ್ತಿರುವಾಗಲೇ ಕೊಪ್ಪೆ ಹಾಕಿಕೊಂಡು ಒಂದು ಸುತ್ತು ಹೋಗಿ ಬಂದರೆ ನೀರು ಎಲ್ಲಿ ನಿಲ್ಲುತ್ತದೆ, ಸೂರಿನ ನೀರು ಯಾವ ಗಿಡದ ಬುಡವನ್ನು ಕೊರೆಯುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಮಳೆ ನಿಂತ ಮೇಲೆ ನೋಡಿದರೆ ಅದು ತಿಳಿಯುವುದಿಲ್ಲ.

ಕುಂಡಗಳ ಮಣ್ಣಿನ ವಿಷಯದಲ್ಲಿ ಬಯಲುಸೀಮೆಯ ಸಲಹೆಯನ್ನು ಇಲ್ಲಿ ಹಾಗೆಯೇ ಪಾಲಿಸಬಾರದು. ತೆಂಗಿನ ನಾರಿನ ಪುಡಿಯನ್ನು ಅರ್ಧಕ್ಕರ್ಧ ಬೆರೆಸಿ ಎಂಬ ಮಾತು ನೀರು ಬೇಗ ಆರಿಹೋಗುವ ಊರುಗಳಿಗೆ ಸರಿ. ಆಷಾಢದ ಮಲೆನಾಡಿನಲ್ಲಿ ಆ ಪುಡಿ ನೀರನ್ನು ಬಿಟ್ಟುಕೊಡುವುದೇ ಇಲ್ಲ. ನಾವು ನೆಚ್ಚಿಕೊಂಡಿರುವುದು ಸುಡುಮಣ್ಣನ್ನು. ಬೇಸಿಗೆಯ ಕೊನೆಯಲ್ಲಿ ದರಗು (ಉದುರಿದ ಒಣ ಎಲೆ), ಒಣಪುರುಳೆ, ಅಡಿಕೆ ಸಿಪ್ಪೆಗಳನ್ನು ಹರಡಿ, ಮೇಲೆ ಕೆಮ್ಮಣ್ಣಿನ ಹೆಂಟೆಗಳನ್ನು ಪದರ ಪದರವಾಗಿ ಒಟ್ಟಿ ಬೆಂಕಿ ಕೊಟ್ಟರೆ, ಉರಿಯೇಳದೆ ಒಳಗೊಳಗೇ ಬೇಯುತ್ತ ಹೊಗೆಯಾಡುತ್ತದೆ. ಆರಿದ ಮೇಲೆ ಹೆಂಟೆಯನ್ನು ಕೈಯಲ್ಲಿ ಹಿಸುಕಿದರೆ ಇಟ್ಟಿಗೆಯ ಬಣ್ಣದ ಹರಳು ಹರಳಾದ ಪುಡಿಯಾಗುತ್ತದೆ. ಮುಷ್ಟಿಯಲ್ಲಿ ಹಿಡಿದು ನೀರು ಹೊಯ್ದರೂ ಅಂಟಿಕೊಳ್ಳುವುದಿಲ್ಲ. ಕಳೆಯ ಬೀಜಗಳು, ಹುಳುವಿನ ಮೊಟ್ಟೆಗಳು ಬೆಂದುಹೋಗಿರುತ್ತವೆ, ಬೂದಿಯ ಪೊಟ್ಯಾಷ್ ಸೇರಿರುತ್ತದೆ. ಇದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಸ್ವಲ್ಪ ಹೊಳೆಮರಳನ್ನೂ ಬೆರೆಸಿದರೆ ಎಂಥ ಮಳೆಗೂ ಕುಂಡ ಕೆಸರಾಗುವುದಿಲ್ಲ.

ಈ ಮಣ್ಣಿಗೆ ಮೊದಲ ಹಕ್ಕುದಾರಳು ಡೇರೆ, ಅಂದರೆ ಡೇಲಿಯಾ. ಮಲೆನಾಡಿನ ಹೆಂಗಸರಿಗೆ ಮಳೆಗಾಲವೆಂದರೆ ಡೇರೆ ಹೂವಿನ ಕಾಲ. ಯಾರ ಮನೆಗೆ ಹೋದರೂ ಅಂಗಳದಂಚಿನ ಸಾಲುಗಳನ್ನು ನೋಡಿ, ಬಣ್ಣ ವಿಚಾರಿಸಿ, ಗೆಡ್ಡೆಯನ್ನು ಕೇಳಿಟ್ಟುಕೊಂಡೇ ಬರುತ್ತೇವೆ. ಇದರ ಮೂಲ ಮೆಕ್ಸಿಕೋದ ಎತ್ತರದ ಪ್ರದೇಶ, ಆದ್ದರಿಂದಲೇ ನಮ್ಮ ಮೋಡದ ತಂಪು ಇದಕ್ಕೆ ಹಿತ. ಆದರೆ ಗೆಡ್ಡೆಗೆ ಮಾತ್ರ ನಿಂತ ನೀರು ಸೇರದು. ಹಳೆಯ ಕಾಂಡ ಗೆಡ್ಡೆಗೆ ಸೇರುವ ಕೊರಳಿನಲ್ಲಿ ಮೊಳಕೆಯ ಕಣ್ಣಿರುತ್ತದೆ. ಕೊರಳು ಮುರಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. “ಕಣ್ಣು ನೋಡಿ ತಗೊ ಮಾರಾಯ್ತಿ, ದಪ್ಪ ನೋಡಬೇಡ” ಎಂದು ನಮ್ಮ ಅತ್ತೆಯವರು ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ಗಿಡ ಮೊಣಕಾಲೆತ್ತರ ಬರುವ ಮೊದಲೇ ಊರುಗೋಲು ನೆಟ್ಟು ಬಾಳೆಪಟ್ಟೆಯಿಂದ ಸಡಿಲವಾಗಿ ಕಟ್ಟಬೇಕು, ತಡವಾಗಿ ನೆಟ್ಟ ಕೋಲು ಗೆಡ್ಡೆಯನ್ನೇ ತಿವಿಯುವುದುಂಟು. ಕಾಂಡ ಒಳಗೆ ಟೊಳ್ಳಾದ್ದರಿಂದ ಹೂ ಕೊಯ್ಯುವಾಗ ಗೆಣ್ಣಿನ ಹತ್ತಿರಕ್ಕೇ ಓರೆಯಾಗಿ ಕತ್ತರಿಸುತ್ತೇನೆ. ಉದ್ದದ ಮೋಟು ಬಿಟ್ಟರೆ ಅದರೊಳಗೆ ಮಳೆನೀರು ನಿಂತು ಕೊಳೆ ಬುಡದ ಕಡೆಗೆ ಇಳಿಯುತ್ತದೆ. ಅಂಗೈಯಗಲದ ಹೂವುಗಳು ಎಸಳಿನ ತುಂಬ ನೀರು ಹಿಡಿದು ಭಾರಕ್ಕೆ ಕತ್ತು ಮುರಿದುಕೊಳ್ಳುವುದರಿಂದ, ಮೊಗ್ಗು ಬಣ್ಣ ತೋರಿಸಿದ ಕೂಡಲೇ ಆ ಕುಂಡಗಳು ಸೂರಿನೊಳಗೆ ಬರುತ್ತವೆ.

ನೀರಿನ ಜೊತೆಗೇ ಬರುವುದು ಕೊಳೆ. ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಬಳ್ಳಿಯ ಸೊರಗು ರೋಗ ಎರಡಕ್ಕೂ ಕಾರಣ ಫೈಟಾಫ್ಥೊರಾ ಎಂಬ ರೋಗಾಣು. ಅದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು, ಮಳೆಹನಿ ನೆಲಕ್ಕೆ ಬಡಿದು ಸಿಡಿಯುವಾಗ ಮಣ್ಣಿನೊಂದಿಗೆ ಕೆಳಗಿನ ಎಲೆಗಳಿಗೆ ಹಾರುತ್ತವೆ. ಹಿತ್ತಲಿನ ಮೆಣಸಿನ ಬಳ್ಳಿಯ ಬುಡಕ್ಕೆ ದರಗು ಮುಚ್ಚುವುದು ಈ ಸಿಡಿತವನ್ನು ತಡೆಯಲಿಕ್ಕೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಅಡಿಕೆಯ ಕೊಳೆಯನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದ ಮೇಲೆ ನಮ್ಮ ಸೀಮೆಯ ಮನೆಮನೆಗೂ ಅದರ ಪಾಕ ಗೊತ್ತು. ಹಿತ್ತಲಿಗೆ 10 ಲೀಟರು ಸಾಕು: 100 ಗ್ರಾಂ ಮೈಲುತುತ್ತವನ್ನು 5 ಲೀಟರು ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನು 5 ಲೀಟರಿನಲ್ಲಿ ಪ್ಲಾಸ್ಟಿಕ್ ಬಕೆಟುಗಳಲ್ಲೇ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಉಜ್ಜಿದ ಕಬ್ಬಿಣದ ಚೂರಿಯನ್ನು ಅದ್ದಿ ತೆಗೆದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಇನ್ನೂ ಬೇಕು. ಅಂದು ಮಾಡಿದ್ದನ್ನು ಅಂದೇ, ಮಳೆ ಹೊಳವಾಗಿ ಎಲೆ ಆರಿದ ಹೊತ್ತಿನಲ್ಲಿ ಹೊಡೆಯಬೇಕು. ಮರುದಿನಕ್ಕೆ ಉಳಿಸಿದ ದ್ರಾವಣದಿಂದ ಪ್ರಯೋಜನವಿಲ್ಲ.

ದರಗು ದಪ್ಪವಾದಷ್ಟೂ ಬಸವನಹುಳುಗಳಿಗೆ ಮನೆ ಸಿಕ್ಕಂತಾಗುತ್ತದೆ, ಹಾಗಾಗಿ ಎಳೆಯ ಸಸಿಗಳ ಪಕ್ಕದಲ್ಲಿ ನಾನು ಮುಚ್ಚಿಗೆ ಹಾಕುವುದಿಲ್ಲ. ಬೂದಿಯ ಗೆರೆ ಒಂದು ಮಳೆಗೆ ಕೊಚ್ಚಿಹೋಗುತ್ತದೆ. ಅದರ ಬದಲು ಸಂಜೆ ನಾಲ್ಕಾರು ಹಸಿ ಅಡಿಕೆ ಹಾಳೆಗಳನ್ನು ಮಡಿಗಳ ಮೇಲೆ ಮಗುಚಿಟ್ಟು ಅಡಿಯಲ್ಲಿ ಪಪ್ಪಾಯ ಎಲೆ ಇಟ್ಟರೆ, ರಾತ್ರಿ ಮೇಯ್ದ ಹುಳುಗಳು ಬೆಳಗಾಗುವಾಗ ಅಲ್ಲೇ ಕೂಡಿಕೊಂಡಿರುತ್ತವೆ. ಕೈಗವಸು ಹಾಕಿ ಆಯ್ದು ಉಪ್ಪುನೀರಿಗೆ ಹಾಕಿದರಾಯಿತು.

ಹರಿವೆಯನ್ನು ಈ ದಿನಗಳಲ್ಲಿ ಬಿತ್ತುವ ಹಟ ಬೇಡ, ಎಳೆಸಸಿಗಳು ಬುಡ ಕೊಳೆತು ಮಲಗುತ್ತವೆ. ಕೆಸು, ಬಸಳೆ, ಒಂದೆಲಗಗಳು ತಾವಾಗಿಯೇ ಸೊಂಪಾಗಿರುವಾಗ ಸೊಪ್ಪಿಗೆ ಕೊರತೆಯೂ ಇಲ್ಲ. ಗೊಬ್ಬರವನ್ನೂ ಜಡಿಮಳೆಯಲ್ಲಿ ಸುರಿಯುವುದಿಲ್ಲ, ಸಾರಜನಕವೆಲ್ಲ ಕರಗಿ ನೇರ ಹಳ್ಳಕ್ಕೆ ಸೇರುತ್ತದೆ. ಮಘೆ ಕಳೆದು ಹುಬ್ಬೆ ಮಳೆಯ ನಡುವೆ ಬಿಸಿಲು ಇಣುಕತೊಡಗಿದಾಗ, ತೊಳೆದುಹೋದ ಮಡಿಗಳ ಅಂಚಿಗೆ ಮಣ್ಣೇರಿಸಿ, ಶುಂಠಿ ಅರಿಶಿನಗಳಿಗೂ ಡೇರೆ ಕುಂಡಗಳಿಗೂ ತಲಾ ಒಂದೆರಡು ಬೊಗಸೆ ಎರೆಗೊಬ್ಬರ ಕೊಡುತ್ತೇನೆ. ಹರಿವೆ ಬೀಜ ಹೊರಗೆ ಬರುವುದೂ ಆಗಲೇ.