ಏನೂ ಕಾಣದ ಯುದ್ಧ

ಟಿವಿ ಸರಣಿ ಗೇಮ್ ಆಫ್ ಥ್ರೋನ್ಸ್‌ನ ರಾತ್ರಿ ಯುದ್ಧದ ಎಪಿಸೋಡ್ 'ದಿ ಲಾಂಗ್ ನೈಟ್' ನೋಡಿ "ಏನೂ ಕಾಣ್ತಿಲ್ಲ ಗುರೂ" ಅಂತ ಬೈದವರೇ ಜಾಸ್ತಿ. ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ತಪ್ಪನ್ನು ನಮ್ಮ ಟಿವಿ ಸೆಟ್ಟಿಂಗ್ ಮೇಲೆ ಹಾಕಿದರು. ಅರ್ಧ ನಿಜ. ಭಾರತದಲ್ಲಿ ಆ ಎಪಿಸೋಡ್ ಬಂದಿದ್ದು 2019ರ ಏಪ್ರಿಲ್ 29, ಸೋಮವಾರ ಬೆಳಿಗ್ಗೆ. ಬೆಂಗಳೂರಿನ ಬಿಸಿಲು ನೇರ ಸ್ಕ್ರೀನ್ ಮೇಲೆ ಬಿದ್ದರೆ ವಿಂಟರ್‌ಫೆಲ್ ಕೋಟೆ ಎಲ್ಲಿ ಕಾಣಬೇಕು?

ಮಿಕ್ಕಿದ್ದು ಸ್ಟ್ರೀಮಿಂಗ್ ಕಥೆ. ಬಿಟ್‌ರೇಟ್ (ಸೆಕೆಂಡಿಗೆ ಬರುವ ವಿಡಿಯೋ ಡೇಟಾ) ಇಳಿದಾಗ ಮೊದಲು ಹೋಗುವುದೇ ಕಪ್ಪಿನೊಳಗಿನ ಸಣ್ಣ ಛಾಯೆಗಳು. ಮಂಜು, ಹೊಗೆ ಎಲ್ಲ ಚೌಕ ಚೌಕ. ಬ್ರೈಟ್‌ನೆಸ್ ಏರಿಸಿದರೆ ಆ ಚೌಕಗಳೇ ಎದ್ದು ಕಾಣುತ್ತವೆ. ಕರ್ಟನ್ ಎಳೆದು, 'ವಿವಿಡ್' ಬಿಟ್ಟು 'ಸಿನಿಮಾ' ಮೋಡ್ ಹಾಕಿ, ಪವರ್ ಸೇವಿಂಗ್ ಆಫ್ ಮಾಡಿ. ದೋತ್ರಾಕಿ ಕುದುರೆ ಸವಾರರ ಉರಿಗತ್ತಿಗಳು ದೂರದಲ್ಲಿ ಆರುತ್ತಾ ಹೋಗುವುದಕ್ಕೆ ಆ ಕತ್ತಲು ಬೇಕೇ ಬೇಕು. ಡ್ರ್ಯಾಗನ್ ಜಗಳದಲ್ಲಿ ಯಾವುದು ಯಾರದ್ದು ಗೊತ್ತಾಗದಿದ್ದರೆ ಮಾತ್ರ ಟಿವಿಯನ್ನು ಬೈಯಬೇಡಿ, ಅದು ಎಪಿಸೋಡ್ ಮಾಡಿದವರದ್ದೇ ತಪ್ಪು.